ಗ್ರಾಮಸಭೆಯಲ್ಲಿ ಹವಾಮಾನ ಬದಲಾವಣೆ ಬಗ್ಗೆ ಹತ್ತು ನಿಮಿಷ ಮಾತಾಡಬೇಕಂತೆ, ಏನು ಹೇಳಲಿ?

ಹೊಸ ಮೆಂಬರ್

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಪಂಚಾಯ್ತಿಯ ಸದಸ್ಯೆ. ಮೊದಲ ಸಲ ಗೆದ್ದವಳು. ಮುಂದಿನ ವಾರ ಗ್ರಾಮಸಭೆ ಇದೆ. ಪಿಡಿಒ ನಿನ್ನೆ ಕರೆದು, "ಮೇಡಂ, ಈ ಸಲ ಹವಾಮಾನ ಬದಲಾವಣೆ ಅಂತ ಒಂದು ವಿಷಯ ಸೇರಿಸಿದ್ದೇವೆ. ನೀವು ಡಿಗ್ರಿ ಓದಿದವರು, ಹತ್ತು ನಿಮಿಷ ಮಾತಾಡಿಬಿಡಿ" ಎಂದರು. ಕೈಗೊಂದು ಕರಪತ್ರ ಕೊಟ್ಟರು. ಅದರಲ್ಲಿ ಹಿಮಕರಡಿ ಚಿತ್ರ ಇದೆ.

ನಮ್ಮ ಗ್ರಾಮಸಭೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮನೆ ಪಟ್ಟಿ, ನರೇಗಾ ಬಿಲ್ಲು, ಕುಡಿಯುವ ನೀರಿನ ಪೈಪು. ಅದರ ಮಧ್ಯೆ ಹಿಮಕರಡಿ ತೋರಿಸಿದರೆ ಹಿಂದಿನ ಸಾಲಿನವರು ಎದ್ದುಹೋಗಿ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ನಿಲ್ಲುತ್ತಾರೆ.

ಕರಪತ್ರದಲ್ಲಿ ಒಂದು ಸಾಲು ಇದೆ. ವಿಜ್ಞಾನಿಗಳು ಮತ್ತು ಸರ್ಕಾರಗಳು ಸೇರಿ ಭೂಮಿಯನ್ನು ಉಳಿಸಲು ಕೆಲಸ ಮಾಡುತ್ತಿದ್ದಾರೆ ಅಂತ. ನನಗೇ ಅನುಮಾನ. ಹೌದಾ? ಎಲ್ಲಾದರೂ ಹಾಗೆ ಸೇರಿ ಕೆಲಸ ಮಾಡಿ ಫಲ ಸಿಕ್ಕಿದೆಯಾ? ಸಿಕ್ಕಿದ್ದರೆ ನಮ್ಮ ಜನಕ್ಕೆ ಅರ್ಥವಾಗುವ ಒಂದೇ ಒಂದು ಉದಾಹರಣೆ ಕೊಡಿ ಸಾಕು.

ಕಡ್ಡಿ ಮುರಿದ ಹಾಗೆ

ಫಲ ಸಿಕ್ಕಿದೆಯಾ ಎಂದು ಕೇಳಿದಿರಿ. ಇಲ್ಲ. ಮುಗೀತು, ಕೂತುಕೊಳ್ಳಿ.

1992ರಲ್ಲಿ ರಿಯೋದಲ್ಲಿ ಸೇರಿದರು. 1997ರಲ್ಲಿ ಕ್ಯೋಟೋ. 2015ರಲ್ಲಿ ಪ್ಯಾರಿಸ್. ಪ್ರತಿ ವರ್ಷ ಸಾವಿರಾರು ಜನ ವಿಮಾನ ಹತ್ತಿ ಹೋಗಿ ಹೊಗೆ ಕಮ್ಮಿ ಮಾಡಬೇಕು ಎಂದು ಮಾತಾಡಿ ಬರುತ್ತಾರೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಇಷ್ಟು ಸಭೆ ಆದಮೇಲೂ ಗೆರೆ ಮೇಲಕ್ಕೇ ಹೋಗುತ್ತಿದೆ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬೀಳುತ್ತದೆ. ಅಮೆರಿಕದಲ್ಲಿ ಸುಮಾರು 14 ಟನ್. ಅವರು ಪ್ಯಾರಿಸ್ ಒಪ್ಪಂದದಿಂದ ಒಮ್ಮೆ ಹೊರಗೆ ಹೋದರು, 2021ರಲ್ಲಿ ಒಳಗೆ ಬಂದರು, 2025ರಲ್ಲಿ ಮತ್ತೆ ಹೊರಡುತ್ತೇವೆ ಎಂದರು. ನೆಂಟರ ಮನೆಗೆ ಬಂದುಹೋದ ಹಾಗೆ. ಹೀಗಿರುವಾಗ ಸೌದೆ ಒಲೆ ಉರಿಸುವ ನಮ್ಮೂರ ಹೆಂಗಸರಿಗೆ ಉಪದೇಶ ಮಾಡಲು ಹೋಗಬೇಡಿ, ಅಷ್ಟೇ ನನ್ನ ಕೋರಿಕೆ.

ಕೆಮಿಸ್ಟ್ರಿ ಮೇಷ್ಟ್ರು

ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡಿ ರಿಟೈರ್ ಆದವನು. ಮೇಲಿನವರು ಹೇಳಿದ ಅಂಕಿಗಳು ಸರಿ. ಆದರೆ "ಇಲ್ಲ, ಮುಗೀತು" ಎಂದದ್ದು ಮಾತ್ರ ತಪ್ಪು.

ಓಝೋನ್ ಕಥೆ ಹೇಳುತ್ತೇನೆ. ಹಳೇ ಫ್ರಿಜ್ಜು, ಏಸಿ, ಸೆಂಟಿನ ಡಬ್ಬಿ ಇವುಗಳಲ್ಲೆಲ್ಲ ಸಿಎಫ್‌ಸಿ ಎಂಬ ಅನಿಲ ಇರುತ್ತಿತ್ತು. ವಾಸನೆ ಇಲ್ಲ, ಬೆಂಕಿ ಹತ್ತುವುದಿಲ್ಲ, ವಿಷವೂ ಅಲ್ಲ. ಬಹಳ ಒಳ್ಳೆಯ ವಸ್ತು ಎಂದೇ ಎಲ್ಲರೂ ನಂಬಿದ್ದರು. 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಂಬ ಇಬ್ಬರು ಲೆಕ್ಕ ಹಾಕಿ, ಇದು ಮೇಲೆ ಹೋಗಿ ಬಿಸಿಲಿಗೆ ಒಡೆದು, ಸೂರ್ಯನ ಕೆಟ್ಟ ಕಿರಣ ತಡೆಯುವ ಓಝೋನ್ ಪದರವನ್ನು ತಿನ್ನುತ್ತದೆ ಎಂದರು. ಕಂಪನಿಗಳು ಒಪ್ಪಲಿಲ್ಲ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ಭಾರೀ ತೆಳುವಾಗಿರುವುದನ್ನು ಅಳೆದು ತೋರಿಸಿದರು. ಎರಡೇ ವರ್ಷ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಬಡ ದೇಶಗಳು "ನಮ್ಮ ಹತ್ತಿರ ದುಡ್ಡಿಲ್ಲ" ಎಂದಾಗ ಅವರಿಗಾಗಿ ಬೇರೆ ನಿಧಿಯನ್ನೇ ಮಾಡಿದರು. ಇವತ್ತು ಜಗತ್ತಿನ ಎಲ್ಲ ದೇಶಗಳೂ ಆ ಒಪ್ಪಂದದಲ್ಲಿವೆ. ಪದರ ನಿಧಾನವಾಗಿ ಕೂಡಿಕೊಳ್ಳುತ್ತಿದೆ. ಅಂಟಾರ್ಕ್ಟಿಕದ ಮೇಲೆ ಪೂರ್ತಿ ಸರಿಯಾಗಲು 2066ರ ಹೊತ್ತಿಗೆ ಆಗಬಹುದು ಎಂಬುದು ವಿಜ್ಞಾನಿಗಳ ಅಂದಾಜು.

ಮೊಲಿನಾ, ರೋಲಂಡ್ ಅವರಿಗೆ ಪಾಲ್ ಕ್ರುಟ್ಸೆನ್ ಜೊತೆ 1995ರಲ್ಲಿ ನೊಬೆಲ್ ಬಂತು. ಇನ್ನೊಂದು ತಮಾಷೆ. ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಓದಿದ್ದು ಕೆಮಿಸ್ಟ್ರಿ. ವಿಜ್ಞಾನಿ ಹೇಳಿದ್ದು ರಾಜಕಾರಣಿಗೆ ಅನುವಾದ ಇಲ್ಲದೆ ಅರ್ಥವಾದ ಅಪರೂಪದ ಸಂದರ್ಭ ಅದು. ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಇಬ್ಬರು ರಾಜಕೀಯಕ್ಕೆ ಹೋಗಿದ್ದಾರೆ. ಅವರ ಪ್ರಾಕ್ಟಿಕಲ್ ನೋಡಿದ್ದೇನೆ, ಆ ಬಗ್ಗೆ ಮಾತು ಬೇಡ.

ಕಡ್ಡಿ ಮುರಿದ ಹಾಗೆ

ಮೇಷ್ಟ್ರೇ, ಅದು ನಾಲ್ಕು ಕಂಪನಿಯ ಅನಿಲ. ಇದು ಹಾಗಲ್ಲ. ಲಾರಿ, ಸಿಮೆಂಟು, ಕರೆಂಟು, ಗೊಬ್ಬರ, ಎಲ್ಲದರಲ್ಲೂ ಇದೆ. ಫ್ರಿಜ್ಜಿನ ಗ್ಯಾಸ್ ಬದಲಾಯಿಸಿದಷ್ಟು ಸುಲಭವಾ?

ಕೆಮಿಸ್ಟ್ರಿ ಮೇಷ್ಟ್ರು

ಅಲ್ಲ. ಅದಕ್ಕೇ ಅದು ಎರಡು ವರ್ಷದಲ್ಲಿ ಆಯಿತು, ಇದು ಮೂವತ್ತು ವರ್ಷವಾದರೂ ಆಗಿಲ್ಲ. ನಾನು ಹೇಳಿದ್ದು ಆಗಬಲ್ಲದು ಎಂದು, ಸುಲಭ ಎಂದಲ್ಲ.

ಉದಿ ದಂಡೆ

ಮೆಂಬರ್ ತಂಗೀ, ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ. ಆದರೆ ನಿಮ್ಮ ಸಭೆಯಲ್ಲಿ ಓಝೋನ್ ಎಂದರೆ ಹಿಮಕರಡಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಡಿಕೆ ಕೊಳೆ ರೋಗದ ಔಷಧಿಯಿಂದ ಶುರು ಮಾಡಿ. ನಾನು ತೀರ್ಥಹಳ್ಳಿ ಕಡೆಯವನು, ನನಗೆ ಗೊತ್ತಿರುವುದು ಅಡಿಕೆ ಒಂದೇ.

ನನ್ನ ಅಜ್ಜ ಹೇಳುತ್ತಿದ್ದರು. ಹಿಂದೆ ಮಳೆಗಾಲಕ್ಕೆ ಮುಂಚೆ ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆದು ಒಂದೊಂದು ಕೊನೆಗೂ ಕಟ್ಟುತ್ತಿದ್ದರಂತೆ. ಅಡಿಕೆ ಗೊನೆಗೆ ಗೊರಬು ಹಾಕಿದ ಹಾಗೆ. ಹನಿ ತಾಗದಿದ್ದರೆ ಕೊಳೆ ಬರುವುದಿಲ್ಲ ಎಂಬ ಲೆಕ್ಕ. ಎಷ್ಟು ಮರ, ಎಷ್ಟು ಕೊನೆ, ಎಷ್ಟು ಸಲ ಹತ್ತಬೇಕು ಯೋಚನೆ ಮಾಡಿ. ಬಡವರ ತೋಟಕ್ಕೆ ಅದೂ ಇಲ್ಲ. ಆಷಾಢದಲ್ಲಿ ಬುಡ ತುಂಬ ಹಸಿರು ಅಡಿಕೆ ಉದುರಿಕೊಂಡಿರುತ್ತಿತ್ತು.

ಮೈಸೂರು ಸರ್ಕಾರ 1908ರಲ್ಲಿ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾದ ವಿಜ್ಞಾನಿಯನ್ನು ಕೆಲಸಕ್ಕೆ ತೆಗೆದುಕೊಂಡಿತು. ಬೂಷ್ಟು, ಹುಳ ಅವರ ವಿಷಯ. ಅವರು ಮಲೆನಾಡಿನ ಕೊಳೆಯನ್ನೇ ಹಿಡಿದು ಕೂತರು. 1910ರಲ್ಲಿ ಕೊಳೆ ರೋಗದ ಮೇಲೆ ಅವರ ವರದಿ ಅಚ್ಚಾಯಿತು. ಅದರ ಹೆಸರಲ್ಲೇ ಕೊಳೆರೋಗ ಎಂಬ ನಮ್ಮ ಶಬ್ದ ಇದೆ. ಇದು ದೇವರ ಸಿಟ್ಟಲ್ಲ, ಒಂದು ಬಗೆಯ ಬೂಷ್ಟು, ಹನಿಯಿಂದ ಹನಿಗೆ ಹರಡುತ್ತದೆ ಎಂದು ತೋರಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆಗೆ ತಂದರು. ಸರ್ಕಾರ ಅದನ್ನು ಊರೂರಿಗೆ ಮುಟ್ಟಿಸಿತು.

ಈಗಲೂ ನನ್ನ ಅಂಗಳದಲ್ಲಿ ಅದೇ ನಡೆಯುತ್ತದೆ. ಒಂದು ಕೇಜಿ ಮೈಲುತುತ್ತ ಒಂದು ಡ್ರಮ್ಮಿನಲ್ಲಿ, ಒಂದು ಕೇಜಿ ಸುಣ್ಣ ಇನ್ನೊಂದು ಡ್ರಮ್ಮಿನಲ್ಲಿ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಸೇರಿಸಿದರೆ ಆಕಾಶದ ಬಣ್ಣ ಬರುತ್ತದೆ. ಕಬ್ಬಿಣದ ಪಾತ್ರೆ ಮುಟ್ಟಿಸುವ ಹಾಗಿಲ್ಲ. ಹದ ನೋಡಲು ಕತ್ತಿಯ ತುದಿ ಅದ್ದುತ್ತೇವೆ. ಕತ್ತಿ ಕೆಂಪಗಾದರೆ ತುತ್ತ ಇನ್ನೂ ಬಿಡುಬೀಸು ಇದೆ, ಸುಣ್ಣ ಸಾಲದು. ಹಾಗೇ ಹೊಡೆದರೆ ಹಿಂಗಾರ ಸುಡುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗಾರ ಶಾಲೆಗೆ ಹೋದವನಲ್ಲ. ಆದರೆ ಕತ್ತಿ ನೋಡಿ "ಇನ್ನೊಂದು ಮುಷ್ಟಿ ಹಾಕಿ ಅಯ್ಯ" ಎನ್ನುತ್ತಾನೆ. ಕೋಲ್‌ಮನ್ ಹೆಸರು ಅವನಿಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ವಿಜ್ಞಾನಿ ಮತ್ತು ಸರ್ಕಾರ ಸೇರಿ ಕೆಲಸ ಮಾಡುವುದು ಎಂದರೆ ನನ್ನ ಮಟ್ಟಿಗೆ ಇದು. ವಿಜ್ಞಾನಿ ತೋಟಕ್ಕೆ ಇಳಿದ. ಸರ್ಕಾರ ಸಂಬಳ ಕೊಟ್ಟು ಸುಮ್ಮನೆ ಕೂರಲಿಲ್ಲ. ಕೊನೆಗೆ ಮಾತು ಕೊನೆಗಾರನ ಕತ್ತಿಯ ತುದಿಗೆ ಬಂದು ನಿಂತಿತು.

ಗಾಜನೂರು ಚಾನಲ್

ಬುಡದಿಂದ ತುದಿಯವರೆಗೆ ಓದಿದೆ ಅಣ್ಣ. ನಮ್ಮಲ್ಲಿ ಈಗ ಮರ ಹತ್ತುವವರೇ ಇಲ್ಲ, ದೋಟಿಯಲ್ಲೇ ಔಷಧಿ. ಕೋಲ್‌ಮನ್ ಬಂದರೂ ಕೊನೆಗಾರ ಸಿಗುವುದಿಲ್ಲ.

ಮಳೆ ಪುಸ್ತಕ

ಉದಿ ದಂಡೆಯವರೇ, ಅದಕ್ಕೆ ನನ್ನದೂ ಒಂದು ಸೇರಿಸಿ. ಔಷಧಿ ಹಳೆಯದೇ, ಆದರೆ ಹೊಡೆಯುವ ಹೊತ್ತು ತಪ್ಪಿಹೋಗಿದೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಅದು ಲೆಕ್ಕ. ಎರಡನೆಯದಕ್ಕೆ ಹೊಳವು, ಅಂದರೆ ಮಳೆಯ ನಡುವೆ ಬಿಡುವು, ಬೇಕು. ಕೊನೆ ಒಣಗಿರಬೇಕು, ಹೊಡೆದಮೇಲೆ ಸ್ವಲ್ಪ ಹೊತ್ತು ಮಳೆ ಬರಬಾರದು.

ನನ್ನ ಮಾವನವರು ಮಳೆ ಬರೆದಿಡುತ್ತಿದ್ದರು. ಅಂಗಳದಲ್ಲಿ ಒಂದು ಮಳೆ ಅಳೆಯುವ ಡಬ್ಬಿ, ಒಳಗೆ ಗೋಡೆಗೆ ತೂಗುಹಾಕಿದ ಉದ್ದ ಪುಸ್ತಕ. ಅಂಕಿಗಿಂತ ನನಗೆ ಇಷ್ಟ ಅವರು ಪಕ್ಕದಲ್ಲಿ ಬರೆದ ಮಾತು. "ಆರಿದ್ರಾ ಎರಡನೇ ಪಾದ. ಹೊಳೆ ಸಂಕ ಮುಟ್ಟಿತು." "ದೊಡ್ಡ ಪುಷ್ಯ. ಹನಿ ಕಡಿಯಲಿಲ್ಲ. ಕೊಟ್ಟಿಗೆಗೆ ಸೊಪ್ಪು ತರಲು ಆಗಲಿಲ್ಲ." "ಚಿಕ್ಕ ಪುಷ್ಯ. ಮಧ್ಯಾಹ್ನ ಹೊಳವು. ಕೊಳೆ ಔಷಧಿ ಮುಗಿಯಿತು." ಈ ಕೊನೆಯ ಸಾಲು ವರ್ಷ ವರ್ಷವೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಬರುತ್ತದೆ. ಅವರು ಹೋದಮೇಲೆ ನಾನು ಬರೆಯುತ್ತಿದ್ದೇನೆ. ನನ್ನ ಪುಟಗಳಲ್ಲಿ ಆ ಸಾಲಿಗೆ ಜಾಗವೇ ಇಲ್ಲ. ಒಂದು ವರ್ಷ ಆರಿದ್ರಾದಲ್ಲಿ ಬಿಸಿಲು, ಮಘೆಯಲ್ಲಿ ಹಾಳಾದ ಮಳೆ. 2023ರಲ್ಲಂತೂ ಮಳೆಗಾಲವೇ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕು ಬರ ಎಂದು ಘೋಷಣೆಯಾಯಿತು. ಮಾರನೇ ವರ್ಷ ಔಷಧಿ ಹೊಡೆಯಲು ಒಂದು ದಿನ ಸಿಗಲಿಲ್ಲ.

ಇದನ್ನೆಲ್ಲ ಹವಾಮಾನ ಬದಲಾವಣೆ ಎನ್ನಬಹುದಾ? ನನಗೆ ಗೊತ್ತಿಲ್ಲ. ಒಂದು ಮನೆಯ ಪುಸ್ತಕ ನೋಡಿ ಜಗತ್ತಿನ ಬಗ್ಗೆ ಹೇಳಬಾರದು ಎಂಬಷ್ಟು ಬುದ್ಧಿ ಇದೆ.

ಬೆಂಗಳೂರಲ್ಲಿರೋ ಮಲೆನಾಡಿಗ

ಅಕ್ಕಾ, ನಿಮ್ಮ ಕೊನೆಯ ಮಾತೇ ವಿಜ್ಞಾನ. ಒಂದು ಮನೆಯ ಪುಸ್ತಕ ಸಾಲದು, ಸಾವಿರಾರು ಪುಸ್ತಕ ಒಟ್ಟಿಗೆ ಇಟ್ಟು ಓದಬೇಕು. ಜಗತ್ತಿನ ಮಟ್ಟದಲ್ಲಿ ಆ ಕೆಲಸ ಮಾಡುವುದೇ ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ. ನಾನು ಹವಾಮಾನದ ಡೇಟಾ ಜೊತೆ ಕೆಲಸ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ವಿಶ್ವಸಂಸ್ಥೆಯ ಎರಡು ಅಂಗಗಳು ಸೇರಿ 1988ರಲ್ಲಿ ಇದನ್ನು ಶುರು ಮಾಡಿದವು. ಇದು ತಾನೇ ಏನನ್ನೂ ಅಳೆಯುವುದಿಲ್ಲ. ಬೇರೆಯವರು ಮಾಡಿದ ಸಂಶೋಧನೆಯನ್ನು ಓದಿ, ಒರೆಹಚ್ಚಿ, ಇಷ್ಟು ಖಚಿತ, ಇಷ್ಟು ಅನುಮಾನ ಎಂದು ಹೇಳುತ್ತದೆ. 2021ರಲ್ಲಿ ಬಂದ ವರದಿಯ ಮೊದಲ ಭಾಗವನ್ನು 234 ವಿಜ್ಞಾನಿಗಳು ಬರೆದರು. 14,000ಕ್ಕೂ ಹೆಚ್ಚು ಪ್ರಬಂಧ ನೋಡಿದರು. ಇದಕ್ಕೆ ಅವರಿಗೆ ಸಂಬಳ ಇಲ್ಲ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರೂ ಈ ವರದಿಗಳಲ್ಲಿ ಕೆಲಸ ಮಾಡಿದ್ದಾರೆ.

ಮುಖ್ಯ ಮಾತು ಈಗ. ದೊಡ್ಡ ವರದಿಗೆ ಒಂದು ಸಾರಾಂಶ ಇರುತ್ತದೆ. ಅದನ್ನು 195 ದೇಶಗಳ ಸರ್ಕಾರಿ ಪ್ರತಿನಿಧಿಗಳು ಒಂದೇ ಸಭೆಯಲ್ಲಿ ಕೂತು ಸಾಲು ಸಾಲಾಗಿ ಒಪ್ಪಬೇಕು. ವಿಜ್ಞಾನಿಗಳು ಎದುರಿಗೇ ಇರುತ್ತಾರೆ. ಒಂದು ಶಬ್ದಕ್ಕೆ ಗಂಟೆಗಟ್ಟಲೆ ಜಗಳ. ರಾತ್ರಿ ಬೆಳಗಾಗುತ್ತದೆ. ಗ್ರಾಮಸಭೆಯ ನಡಾವಳಿಗೆ ಸಹಿ ಹಾಕುವಾಗ "ಈ ಶಬ್ದ ತೆಗೆಯಿರಿ" ಎಂದು ಹಟ ಮಾಡುತ್ತಾರಲ್ಲ, ಅದೇ. ಆದರೆ ಒಮ್ಮೆ ಒಪ್ಪಿದ ಮೇಲೆ "ನಮಗೆ ಗೊತ್ತಿರಲಿಲ್ಲ" ಎಂದು ಯಾವ ಸರ್ಕಾರವೂ ಹೇಳುವಂತಿಲ್ಲ. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದಲೇ, ಅದರಲ್ಲಿ ಸಂಶಯವಿಲ್ಲ ಎಂಬ ಸಾಲಿಗೆ ಎಲ್ಲರೂ ತಲೆಯಾಡಿಸಿದ್ದು ಹೀಗೆ.

ಒಪ್ಪುವುದು ಬೇರೆ, ಮಾಡುವುದು ಬೇರೆ, ಅದು ನಿಜ. ಗ್ಲಾಸ್ಗೋ ಸಭೆಯಲ್ಲಿ 2021ರಲ್ಲಿ ಕಲ್ಲಿದ್ದಲನ್ನು "ನಿಲ್ಲಿಸುತ್ತೇವೆ" ಎಂದಿದ್ದ ಕರಡು ಕೊನೆ ಗಳಿಗೆಯಲ್ಲಿ "ಕಡಿಮೆ ಮಾಡುತ್ತೇವೆ" ಎಂದಾಯಿತು. ಹಾಗೆ ಕೇಳಿದವರಲ್ಲಿ ನಮ್ಮ ದೇಶವೇ ಮುಂದೆ ಇತ್ತು. ನಮಗೂ ಕಾರಣಗಳಿವೆ. ಅದೇ ಸಭೆಯಲ್ಲಿ 2070ಕ್ಕೆ ನೆಟ್ ಝೀರೋ, ಅಂದರೆ ಬಿಟ್ಟಷ್ಟು ಹೊಗೆಯನ್ನು ವಾಪಸ್ ಹೀರಿ ಲೆಕ್ಕ ಸೊನ್ನೆ ಮಾಡುತ್ತೇವೆ, ಎಂದೂ ನಾವು ಹೇಳಿದ್ದೇವೆ.

ಮಳೆ ಪುಸ್ತಕದ ಅಕ್ಕನಿಗೆ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ದೊಡ್ಡ ಹಂಡೆ ಇದ್ದ ಹಾಗೆ. ತುಂಬಲು ಹೊತ್ತು ಬೇಕು, ಬಗ್ಗಿಸಿದಾಗ ಒಮ್ಮೆಗೇ ಸುರಿಯುತ್ತದೆ. ಅದಕ್ಕೇ ಬಿಟ್ಟರೆ ಬಿಟ್ಟೇ ಬಿಟ್ಟಿತು, ಹಿಡಿದರೆ ಹಿಡಿದೇ ಹಿಡಿಯಿತು ಎನ್ನುವಂಥ ಮಳೆ ಜಾಸ್ತಿಯಾಗುತ್ತದೆ. ನಿಮ್ಮ ತೋಟದ ಒಂದು ವರ್ಷಕ್ಕೆ ಇದೇ ಕಾರಣ ಎಂದು ನಾನು ಹೇಳುವುದಿಲ್ಲ.

ಹೊಸ ಮೆಂಬರ್

ಅಯ್ಯೋ, ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಹಂಡೆ ಮತ್ತು ಕತ್ತಿ ಎರಡನ್ನೂ ಬರೆದುಕೊಂಡೆ. ಈಗ ನನ್ನ ನಿಜವಾದ ಹೆದರಿಕೆ ಕೇಳಿ. ಯಾರಾದರೂ ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿ ಎಂದರೆ?

ಗಾಜನೂರು ಚಾನಲ್

ಯಾರಾದರೂ ಅಲ್ಲ, ಎಲ್ಲರೂ ಎನ್ನುತ್ತಾರೆ. ಮೈಕ್ ಆಫ್ ಮಾಡಿ ಓಡಿ ಬನ್ನಿ.

ಉದಿ ದಂಡೆ

ಇದರಲ್ಲಿ ನನ್ನದು ಕಡಕ್ ಅಭಿಪ್ರಾಯ. ನಮ್ಮ ಊರನ್ನು ಬಾಹ್ಯಾಕಾಶದಿಂದ ನೋಡಿ ಗೆರೆ ಎಳೆದರು. ಮೇಲಿನಿಂದ ಕಾನೂ ಹಸಿರು, ಸೊಪ್ಪಿನಬೆಟ್ಟವೂ ಹಸಿರು, ನನ್ನ ತೋಟವೂ ಹಸಿರು. ನಾಳೆ ಕೊಟ್ಟಿಗೆ ಕಟ್ಟಲು ಯಾರ ಹತ್ತಿರ ಕೈಮುಗಿಯಬೇಕು?

ಬೆಂಗಳೂರಲ್ಲಿರೋ ಮಲೆನಾಡಿಗ

ಅಣ್ಣ, ಸಿಟ್ಟು ಅರ್ಥವಾಗುತ್ತದೆ. ಆದರೆ ಆ ವರದಿ ಮೇಲೆ ಸರ್ಕಾರ ಹೊರಡಿಸಿದ ಅಧಿಸೂಚನೆಯ ಕರಡಿನಲ್ಲಿ ಏನಿದೆ ಎಂದು ಒಮ್ಮೆ ನೋಡಿ. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ಕೆಂಪು ಪಟ್ಟಿಯ, ಅಂದರೆ ಹೆಚ್ಚು ಮಾಲಿನ್ಯದ, ಹೊಸ ಕಾರ್ಖಾನೆ ಇಲ್ಲ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಇಲ್ಲ. ಯಾವ ಕೊಟ್ಟಿಗೆ ಅಷ್ಟು ದೊಡ್ಡದು? ಒಕ್ಕಲೆಬ್ಬಿಸುವ ಮಾತು ಅದರಲ್ಲಿ ಇಲ್ಲ.

ಹಿನ್ನೀರು

ಕೊಟ್ಟಿಗೆ ಮಾತು ಬಿಡಿ ತಮ್ಮಾ. ಜನ ಹೆದರುವುದು ಕರಡಿಗಲ್ಲ, ಕರಡು ಓದಿ ಹೇಳುವವರು ಯಾರೂ ಇಲ್ಲದಿರುವುದಕ್ಕೆ.

ಮೊದಲು ಬಂದದ್ದು ಮಾಧವ ಗಾಡ್ಗೀಳ್ ಸಮಿತಿ. 2010ರಲ್ಲಿ ಕೇಂದ್ರ ಸರ್ಕಾರವೇ ನೇಮಿಸಿತು. 2011ರಲ್ಲಿ ವರದಿ ಕೊಟ್ಟರು. ಅದು ಜನರ ಕೈಗೆ ಸಿಕ್ಕಿದ್ದು 2012ರಲ್ಲಿ. ಅಲ್ಲಿಯವರೆಗೆ ಒಳಗೇ ಇತ್ತು. ಆ ಮನುಷ್ಯ ಹೇಳಿದ್ದು ಏನು? ಇದನ್ನು ಆಯಾ ಭಾಷೆಗೆ ಹಾಕಿ, ಗ್ರಾಮಸಭೆಯಲ್ಲಿ ಇಟ್ಟು, ಜನರನ್ನು ಕೇಳಿ ತೀರ್ಮಾನ ಮಾಡಿ ಎಂದು. ಮಾಡಲಿಲ್ಲ. ಬಹಳ ಬಿಗಿಯಾಯಿತು ಎಂದು ಹೇಳಿ ಕಸ್ತೂರಿರಂಗನ್ ಸಮಿತಿ ಮಾಡಿದರು. ಅವರು 2013ರಲ್ಲಿ ಉಪಗ್ರಹದ ಚಿತ್ರ ನೋಡಿ, ಘಟ್ಟದ ಶೇ. 37ರಷ್ಟನ್ನು ಸೂಕ್ಷ್ಮ ಪ್ರದೇಶ ಎಂದರು. 2014ರಿಂದ ಆರು ಸಲ ಕರಡು ಹೊರಟಿದೆ. ಆರನೆಯದು 2024ರ ಜುಲೈ 31ರದ್ದು. ಅದರ ಹಿಂದಿನ ದಿನ ವಯನಾಡಿನಲ್ಲಿ ಗುಡ್ಡ ಕುಸಿದಿತ್ತು. ಆರು ರಾಜ್ಯದಲ್ಲಿ ನಮ್ಮದೇ ಜಾಸ್ತಿ, 20,668 ಚದರ ಕಿಲೋಮೀಟರ್. ನಮ್ಮ ರಾಜ್ಯ ಬೇಡ ಎಂದಿತು.

ಈಗ ಲೆಕ್ಕ ಹಾಕಿ. ಒಬ್ಬರು ಪರಿಸರ ವಿಜ್ಞಾನಿ, ಒಬ್ಬರು ಇಸ್ರೋ ಮುಖ್ಯಸ್ಥರಾಗಿದ್ದವರು. ಇಬ್ಬರನ್ನೂ ನೇಮಿಸಿದ್ದು ಸರ್ಕಾರ. ಎರಡೂ ವರದಿ ಕಪಾಟಿನಲ್ಲಿವೆ. ನಮ್ಮೂರಿಗೆ ಬಂದದ್ದು "ಕಸ್ತೂರಿರಂಗನ್ ಬಂದರೆ ಮನೆ ಬಿಡಬೇಕು" ಎಂಬ ಗಾಳಿಮಾತು ಒಂದೇ. ಕೋಲ್‌ಮನ್ ಕಥೆಯಲ್ಲಿ ಕತ್ತಿಯ ತುದಿಗೆ ಬಂತು ಎಂದರಲ್ಲ, ಇಲ್ಲಿ ಅರ್ಧ ದಾರಿಗೂ ಬರಲಿಲ್ಲ.

ಉದಿ ದಂಡೆ

ಗ್ರಾಮಸಭೆ ಮುಂದಿಡಿ ಎಂದು ಗಾಡ್ಗೀಳ್ ಹೇಳಿದ್ದು ನನಗೆ ಗೊತ್ತಿರಲಿಲ್ಲ ಮಾರಾಯ್ರೆ. ಹನ್ನೆರಡು ವರ್ಷದಿಂದ ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದೇನೆ.

ಕಡ್ಡಿ ಮುರಿದ ಹಾಗೆ

ಹಿನ್ನೀರಿನವರೇ, ಆ ಪಂಪ್ಡ್ ಸ್ಟೋರೇಜ್ ಬಗ್ಗೆಯೂ ಹೇಳಿಬಿಡಿ. ಅದೂ ಹವಾಮಾನಕ್ಕೆ ಒಳ್ಳೆಯದಂತಲ್ಲ.

ಹಿನ್ನೀರು

ಹೇಳದೆ ಇರುತ್ತೇನಾ. ನಾವು ತುಮರಿ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನಮ್ಮ ಅಜ್ಜನ ಗದ್ದೆ ನೀರಿಗೆ ಹೋಯಿತು. ನಾಡಿಗೆ ಕರೆಂಟು ಸಿಕ್ಕಿತು. ನಮಗೆ ಸಿಕ್ಕಿದ್ದು ಲಾಂಚ್. ಹೆರಿಗೆ ನೋವು ಬಂದರೂ ಲಾಂಚಿಗೆ ಕಾಯಬೇಕಿತ್ತು. ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ.

ಈಗಿನ ಯೋಜನೆ 2,000 ಮೆಗಾವಾಟಿನದು. ತಳಕಳಲೆ ಜಲಾಶಯ ಮೇಲೆ, ಗೇರುಸೊಪ್ಪ ಜಲಾಶಯ ಕೆಳಗೆ, ನಡುವೆ ಸುರಂಗ. ಹಗಲು ಸೋಲಾರ್ ಕರೆಂಟು ಹೆಚ್ಚಾದಾಗ ನೀರನ್ನು ಮೇಲೆತ್ತುವುದು, ಸಂಜೆ ಎಲ್ಲರೂ ದೀಪ ಹಾಕಿದಾಗ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಎತ್ತಲು ಬೇಕಾಗುವ ಕರೆಂಟು ಸಿಗುವುದಕ್ಕಿಂತ ಜಾಸ್ತಿ. ಅದು ಮೋಸವಲ್ಲ, ಬ್ಯಾಟರಿ ಎಂದರೆ ಹಾಗೆಯೇ. ಸೋಲಾರ್ ಬೇಕು ಎಂದಮೇಲೆ ಅದನ್ನು ಎಲ್ಲಾದರೂ ಕೂಡಿಡಲೇಬೇಕು, ಅದೂ ಗೊತ್ತು. ಆದರೆ ಕೂಡಿಡುವ ಜಾಗ ಸಿಂಗಳೀಕದ ಕಾಡು. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಎಂದು ಸರ್ಕಾರವೇ ಹೆಸರಿಟ್ಟ ಜಾಗ.

ಹಾಗಾಗಿ ಮೆಂಬರ್ ಮೇಡಂ, ಯಾರಾದರೂ ಎದ್ದು "ಹವಾಮಾನ ಉಳಿಸಲು ಕಾಡು ಕಡಿಯಬೇಕಾ" ಎಂದು ಕೇಳಿದರೆ ಸುಲಭದ ಉತ್ತರ ಇದೆ ಎಂದುಕೊಳ್ಳಬೇಡಿ. ನನ್ನ ಹತ್ತಿರವೂ ಇಲ್ಲ. ನನಗೆ ಇರುವುದು ಒಂದೇ ಪ್ರಶ್ನೆ. ಈ ಸಲವೂ ಕೊಡುವವರು ನಾವೇನಾ?

ಕಡ್ಡಿ ಮುರಿದ ಹಾಗೆ

ಇದಕ್ಕೆ ನಾನು ಏನೂ ಮುರಿಯುವುದಿಲ್ಲ.

ಮಳೆ ಪುಸ್ತಕ

ಮೆಂಬರ್ ತಂಗೀ, ನಿಮ್ಮ ಪಂಚಾಯ್ತಿ ಆಫೀಸಿನ ಹತ್ತಿರ ಮಳೆಮಾಪಕ ಇದೆಯಾ ನೋಡಿ. ಬಿಳಿ ಕಂಬ, ಮೇಲೆ ಸಣ್ಣ ಸೋಲಾರ್ ಪ್ಲೇಟು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯ್ತಿಗೊಂದರಂತೆ ಹಾಕಿಸಿದೆ. 1988ರಲ್ಲಿ ಬರ ನೋಡಿಕೊಳ್ಳಲು ಒಂದು ಸಣ್ಣ ಘಟಕವಾಗಿ ಶುರುವಾದದ್ದು ಅದು. ಈಗ ಹೋಬಳಿ, ಪಂಚಾಯ್ತಿ ಮಟ್ಟದ ಮಳೆ ಅದರ ಲೆಕ್ಕದಲ್ಲಿ ಸಿಗುತ್ತದೆ. ವಿಜ್ಞಾನಿ ಮತ್ತು ಸರ್ಕಾರ ಎಂದು ಜಿನೀವಾ, ಪ್ಯಾರಿಸ್ ಹುಡುಕುವುದು ಯಾಕೆ, ನಿಮ್ಮ ಆಫೀಸಿನ ಅಂಗಳದಲ್ಲೇ ನಿಂತಿದೆ.

ಇದು ಸುಮ್ನೆ ಕಂಬವಲ್ಲ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುತ್ತೇವಲ್ಲ, ಹೆಕ್ಟೇರಿಗೆ 6,400 ರೂಪಾಯಿ ಕಟ್ಟಿ, ಅದರ ಪರಿಹಾರ ನಿರ್ಧಾರವಾಗುವುದು ಈ ಮಾಪಕದ ಅಂಕಿಯ ಮೇಲೆ. ಯಾರೂ ಬಂದು ನಿಮ್ಮ ತೋಟದ ಕೊಳೆ ನೋಡುವುದಿಲ್ಲ. ನಮಗೊಮ್ಮೆ ಹಾಗೆಯೇ ಆಯಿತು. ತೋಟದಲ್ಲಿ ಅರ್ಧ ಅಡಿಕೆ ನೆಲದಲ್ಲಿ. ಪಕ್ಕದ ಪಂಚಾಯ್ತಿಯವರಿಗೆ ದುಡ್ಡು ಬಂತು, ನಮಗೆ ಪುಡಿಗಾಸು. ವಿಮೆಯವರನ್ನು ಕೇಳಿದರೆ "ನಿಮ್ಮಲ್ಲಿ ಅಷ್ಟು ಮಳೆ ಬಂದಿಲ್ಲ" ಎಂದರು. ನನ್ನ ಪುಸ್ತಕ ತೋರಿಸಿದೆ. ಮನೆ ಲೆಕ್ಕ ನಡೆಯುವುದಿಲ್ಲ ಎಂದರು.

ಆಮೇಲೆ ಹೋಗಿ ನೋಡಿದರೆ ಮಾಪಕದ ಮೇಲೆ ಮಾವಿನ ಕೊಂಬೆ ಛತ್ರಿ ಹಿಡಿದ ಹಾಗೆ ನಿಂತಿತ್ತು. ಹಾಕಿದಾಗ ಗಿಡ ಸಣ್ಣದಿತ್ತು, ಬೆಳೆದದ್ದು ಯಾರೂ ನೋಡಲಿಲ್ಲ. ಯಾರ ತಪ್ಪು ಹೇಳಿ? ಪಂಚಾಯ್ತಿಯವರು ಅದು ವಿಜ್ಞಾನದವರದ್ದು ಎಂದುಕೊಂಡರು. ವಿಜ್ಞಾನದವರಿಗೆ ಮಾವಿನ ಗಿಡ ಕಾಣುವುದಿಲ್ಲ. ನಾವು ದಿನಾ ಅದರ ಕೆಳಗೆ ಬೈಕ್ ನಿಲ್ಲಿಸುತ್ತಿದ್ದೆವು.

ಬೆಂಗಳೂರಲ್ಲಿರೋ ಮಲೆನಾಡಿಗ

ನಿಯಮ ಹೇಳುತ್ತೇನೆ. ಪಕ್ಕದ ಮರ ಅಥವಾ ಗೋಡೆ ಎಷ್ಟು ಎತ್ತರ ಇದೆಯೋ ಕಡೇಪಕ್ಷ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ನಾವು ಇಲ್ಲಿ ಕೂತು ಮಾಡುವ ಲೆಕ್ಕವೆಲ್ಲ ಆ ಕಂಬದ ಮೇಲೆ ನಿಂತಿದೆ. ಅಕ್ಕನ ಮಾತು ಓದಿ ನನಗೆ ಸ್ವಲ್ಪ ನಾಚಿಕೆಯಾಯಿತು. ನಾನು ಆ ಅಂಕಿಗಳನ್ನು ಎಷ್ಟೋ ಸಲ ಬಳಸಿದ್ದೇನೆ, ಒಂದು ಕಂಬವನ್ನೂ ಹತ್ತಿರದಿಂದ ನೋಡಿಲ್ಲ.

ಹೊಸ ಮೆಂಬರ್

ಈಗ ತಾನೇ ಸ್ಕೂಟಿ ತೆಗೆದುಕೊಂಡು ಹೋಗಿ ನೋಡಿ ಬಂದೆ. ನಮ್ಮದರ ಮೇಲೆ ಹಲಸು.

ಗಾಜನೂರು ಚಾನಲ್

ಹಹ್ಹಾ. ನಿಮ್ಮ ಹತ್ತು ನಿಮಿಷ ಸಿಕ್ಕಿತು ಮೇಡಂ.

ಹೊಸ ಮೆಂಬರ್ (ಎಂಟು ದಿನದ ಮೇಲೆ)

ಗ್ರಾಮಸಭೆ ನಿನ್ನೆ ಆಯಿತು. ಏನಾಯಿತು ಎಂದು ಹೇಳದೆ ಹೋದರೆ ಸರಿಯಲ್ಲ.

ಕರಪತ್ರ ಮನೆಯಲ್ಲೇ ಬಿಟ್ಟೆ. ಒಂದು ಬಕೆಟ್ಟಿನಲ್ಲಿ ಬೋರ್ಡೋ ಕಲಸಿಕೊಂಡು ಹೋಗಿದ್ದೆ, ಬೇಕಂತಲೇ ಸುಣ್ಣ ಕಮ್ಮಿ ಹಾಕಿ. ಹಿಂದಿನ ಸಾಲಿನಿಂದ ಒಬ್ಬ ಕೊನೆಗಾರನನ್ನು ಕರೆದು ಕತ್ತಿ ಅದ್ದಲು ಹೇಳಿದೆ. ಕೆಂಪಾಯಿತು. "ಯಾರು ಕಲಸಿದ್ದು ಇದನ್ನ" ಎಂದು ಅವನು ಕೇಳಿದ ದನಿಗೆ ಸಭೆ ಪೂರ್ತಿ ನಕ್ಕಿತು. ಅಲ್ಲಿಂದ ಕೋಲ್‌ಮನ್ ಕಥೆ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ಹಂಡೆಯ ಉದಾಹರಣೆಯೂ ಹಿಡಿಯಿತು. ಓಝೋನ್ ಮಾತ್ರ ಹಿಡಿಯಲಿಲ್ಲ ಮೇಷ್ಟ್ರೇ, ಕ್ಷಮಿಸಿ.

ಕಸ್ತೂರಿರಂಗನ್ ಬಂದೇ ಬಂತು. ಕೂಗಾಟ ಆಯಿತು. ಹಿನ್ನೀರಿನವರು ಬರೆದದ್ದನ್ನೇ ಓದಿದೆ. ಗ್ರಾಮಸಭೆಯಲ್ಲಿ ಕೇಳಿ ಎಂದು ಮೊದಲ ವರದಿಯವರು ಹೇಳಿದ್ದರು ಎಂದಾಗ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಮತ್ತೆ ಕೂಗಾಟ. ಆದರೆ ಕರಡನ್ನು ಕನ್ನಡದಲ್ಲಿ ಓದಿಸಿ ಎಂದು ಒಬ್ಬರು ಕೇಳಿದರು. ಅದನ್ನು ನಡಾವಳಿಯಲ್ಲಿ ಬರೆಸಿದ್ದೇನೆ.

ಮಳೆಮಾಪಕದ ಮೇಲಿನ ಕೊಂಬೆ ಕಡಿಯಬೇಕು ಎಂದೂ ಒಮ್ಮತದಿಂದ ಠರಾವಾಯಿತು. ವಿಮೆ ಲೆಕ್ಕ ಜುಲೈಯಿಂದ ಶುರು, ಅದರೊಳಗೆ ಆಗಬೇಕು ಎಂದು ಎಲ್ಲರಿಗೂ ಅವಸರ. ಮರ ಆಫೀಸಿನ ಪಕ್ಕದ ಮನೆ ಅಜ್ಜಿಯದು. ಇವತ್ತು ಬೆಳಿಗ್ಗೆ ಪಿಡಿಒ ಮತ್ತು ನಾನು ಕೇಳಲು ಹೋದೆವು. ಅಜ್ಜಿ ಕಾಫಿ ಕೊಟ್ಟರು. ಎಲ್ಲ ಕೇಳಿಸಿಕೊಂಡರು. ಅವರ ಮಗನದ್ದೂ ತೋಟ ಇದೆ, ವಿಮೆ ಇದೆ. ಕೊಂಬೆಯ ಕಡೆ ನೋಡಿ, "ಅದರಲ್ಲಿ ಹದಿನಾಲ್ಕು ಕಾಯಿ ಇದೆ. ಹಪ್ಪಳಕ್ಕೆ ಇಳಿಸುತ್ತೇನೆ. ಮುಂದಿನ ಶನಿವಾರ ಬನ್ನಿ, ಇಬ್ಬರು ಹೆಂಗಸರನ್ನೂ ಕರಕೊಂಡು ಬನ್ನಿ, ತೊಳೆ ಬಿಡಿಸಲು ಜನ ಸಾಲದು" ಎಂದರು.

ಮಳೆ ಪುಸ್ತಕ

ಶನಿವಾರ ನಾನು ಬರುತ್ತೇನೆ. ಯಾವ ಊರು ಹೇಳಿ.